ಮೂರು ಹಾರ್ಡ್ ಡಿಸ್ಕ್, ಒಂದೇ ಸಂಗೀತ ಸಂಗ್ರಹ: ಬ್ಯಾಕಪ್‌ಗಳನ್ನು ಸರಿಸಮ ಇಡುವ ಬಗೆ

ನನ್ನ ಸಂಗೀತವೆಲ್ಲ ಮೂರು ಹಾರ್ಡ್ ಡಿಸ್ಕ್‌ಗಳಲ್ಲಿದೆ. ಒಂದು ಕಂಪ್ಯೂಟರ್ ಪಕ್ಕದಲ್ಲೇ ಇರುತ್ತದೆ. ಒಂದು ಬೀರುವಿನಲ್ಲಿ. ಇನ್ನೊಂದು ಶಿವಮೊಗ್ಗದಲ್ಲಿ, ಅಕ್ಕನ ಮನೆಯಲ್ಲಿ. ಅಪ್ಪ ಕೂಡಿಟ್ಟ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಹಿಂದೂಸ್ತಾನಿ ಸಂಗೀತ, ತಾಳಮದ್ದಳೆ, ನಾನು ಕೊಂಡ ಸಿಡಿಗಳು, ಮನೆಯವರೇ ಹಾಡಿದ ಹಾಡುಗಳು, ಎಲ್ಲ ಸೇರಿ ಸುಮಾರು 900 ಜಿಬಿ.

ಅದರಲ್ಲಿ ಅಜ್ಜಿಯ ಸೋಬಾನೆ ಪದಗಳಿವೆ. 1991ರಲ್ಲಿ, ಚಿಕ್ಕಮ್ಮನ ಮದುವೆಯ ಹಿಂದಿನ ದಿನ, ಅಪ್ಪ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ನಾನು ಫೋಲ್ಡರ್‌ಗಳನ್ನು ಒಪ್ಪ ಮಾಡುತ್ತಾ ಕೂತಿದ್ದೆ. ‘ಹೊಸದು’ ಅಂತ ಒಂದು ಫೋಲ್ಡರ್ ಇತ್ತು. ಅದರಲ್ಲಿರುವುದನ್ನೆಲ್ಲ ಆಗಲೇ ಬೇರೆ ಕಡೆ ಹಾಕಿದ್ದೇನೆ ಅಂದುಕೊಂಡು ಅಳಿಸಿದೆ. ಅದೇ ಸಂಜೆ ಬೀರುವಿನ ಡಿಸ್ಕ್ ತಂದು ಸಿಂಕ್ ಮಾಡಿದೆ, ಅಂದರೆ ಅದನ್ನೂ ಮೂಲದ ಹಾಗೇ ಮಾಡು ಅಂತ ಸಾಫ್ಟ್‌ವೇರಿಗೆ ಹೇಳಿದೆ. ಸಾಫ್ಟ್‌ವೇರ್ ತನ್ನ ಕೆಲಸ ಸರಿಯಾಗಿಯೇ ಮಾಡಿತು. ಮೂಲದಲ್ಲಿ ಇಲ್ಲದ್ದನ್ನು ಅಲ್ಲಿಂದಲೂ ಅಳಿಸಿತು.

ಆರು ತಿಂಗಳಾದ ಮೇಲೆ ಅಕ್ಕನ ಮಗಳ ಮದುವೆಗೆ ಅಮ್ಮ ಆ ಪದಗಳನ್ನು ಕೇಳಿದರು. ಎರಡೂ ಡಿಸ್ಕ್ ಹುಡುಕಿದೆ, ಎಲ್ಲೂ ಇಲ್ಲ. ಕ್ಯಾಸೆಟ್ ಬೂಷ್ಟು ಹಿಡಿದು ಹಾಳಾಗಿತ್ತು. ಅಕ್ಕನಿಗೆ ಫೋನ್ ಮಾಡಿ ಮೂರನೇ ಡಿಸ್ಕ್ ಹಾಕಿ ನೋಡು ಅಂದೆ. ಅದನ್ನು ನಾನು ಎಂಟು ತಿಂಗಳಿಂದ ಮುಟ್ಟಿರಲಿಲ್ಲ. ಅದರಲ್ಲಿ ಇತ್ತು.

ಆ ಡಿಸ್ಕ್ ಹಿಂದುಳಿದದ್ದರಿಂದ ಅಜ್ಜಿಯ ದನಿ ಉಳಿಯಿತು. ಅವತ್ತಿನಿಂದ ಹಿಂದುಳಿಯುವುದನ್ನೇ ಒಂದು ಕ್ರಮವಾಗಿ ಮಾಡಿಕೊಂಡಿದ್ದೇನೆ. ಎಲ್ಲ ಡಿಸ್ಕ್‌ಗಳೂ ಒಂದೇ ಹೊತ್ತಿಗೆ ಒಂದೇ ಆಗಬಾರದು. ಒಂದರ ಹಿಂದೆ ಒಂದು ಬರಬೇಕು, ನಡುವೆ ನಾವು ಕಣ್ಣಿಟ್ಟು ನೋಡಬೇಕು. ಅದನ್ನು ಮಾಡುವ ಬಗೆ ಇಲ್ಲಿ ಬರೆದಿದ್ದೇನೆ. ನಾನು ಬಳಸುವುದು ವಿಂಡೋಸ್ ಮತ್ತು ಫ್ರೀಫೈಲ್‌ಸಿಂಕ್. ಈ ಸಿಂಕ್ ಸಾಫ್ಟ್‌ವೇರ್ ಉಚಿತ, ಮ್ಯಾಕ್ ಮತ್ತು ಲಿನಕ್ಸ್‌ನಲ್ಲೂ ಸಿಗುತ್ತದೆ. ಬೇರೆ ಸಾಫ್ಟ್‌ವೇರ್ ಬಳಸುವವರಿಗೂ ಕ್ರಮ ಇದೇ.

ಹಂತ 1: ಒಂದನ್ನು ಮೂಲ ಅಂತ ಗೊತ್ತು ಮಾಡಿ

ಮೂರು ಡಿಸ್ಕ್‌ಗಳಲ್ಲಿ ಒಂದು ಮಾತ್ರ ಮೂಲ. ಹೊಸ ಹಾಡು ಸೇರಿಸುವುದು, ಹೆಸರು ತಿದ್ದುವುದು, ಟ್ಯಾಗ್ (ಹಾಡಿನ ಫೈಲ್ ಒಳಗೇ ಬರೆದಿರುವ ಕಲಾವಿದರು, ರಾಗದಂಥ ವಿವರ) ಸರಿಪಡಿಸುವುದು, ಅಳಿಸುವುದು ಎಲ್ಲ ಅದರಲ್ಲೇ. ಉಳಿದ ಎರಡು ಬರೀ ನಕಲು. ಬದಲಾವಣೆ ಮೂಲದಿಂದ ನಕಲಿಗೆ ಹೋಗಬೇಕೇ ಹೊರತು ಅಲ್ಲಿಂದ ಇಲ್ಲಿಗೆ ಬರಬಾರದು.

ಎರಡೂ ಕಡೆ ಬದಲಾಯಿಸಿ ಸಾಫ್ಟ್‌ವೇರ್ ತಾನೇ ಹೊಂದಿಸಿಕೊಳ್ಳಲಿ ಅಂತ ಅನ್ನಿಸುವುದು ಸಹಜ. ‘ಟು ವೇ’ ಅಂತ ಒಂದು ಆಯ್ಕೆಯೂ ಇದೆ. ಎರಡೇ ಜಾಗ ಇದ್ದಾಗ ಅದು ಚೆನ್ನಾಗಿ ನಡೆಯುತ್ತದೆ. ಮೂರನೆಯದು ಬಂದರೆ ಲೆಕ್ಕ ತಪ್ಪುತ್ತದೆ. ಒಂದರಲ್ಲಿ ಅಳಿಸಿದ ಹಾಡು ಮೂರನೆಯದರಲ್ಲಿ ಇನ್ನೂ ಇರುತ್ತದೆ, ಅದು ಹೊಸ ಹಾಡೇನೋ ಅನ್ನುವ ಹಾಗೆ ತಿರುಗಿ ಬಂದು ಕೂರುತ್ತದೆ. ಒಂದರಲ್ಲಿ ಫೋಲ್ಡರ್ ಹೆಸರು ತಿದ್ದಿದರೆ ಹಳೆ ಹೆಸರು, ಹೊಸ ಹೆಸರು ಎರಡೂ ಉಳಿಯುತ್ತವೆ. ಎರಡು ವರ್ಷ ಕಳೆದರೆ 900 ಜಿಬಿ ಸಂಗ್ರಹ 1.3 ಟಿಬಿ ಆಗಿರುತ್ತದೆ, ಯಾವುದು ಸರಿ ಅಂತ ಯಾರಿಗೂ ಗೊತ್ತಿರುವುದಿಲ್ಲ.

ನಕಲು ಡಿಸ್ಕ್‌ನಿಂದ ಹಾಡು ಆಡಿಸುವ ಅಭ್ಯಾಸವೂ ಬೇಡ. ಕೆಲವು ಪ್ಲೇಯರ್‌ಗಳು ನೀವು ಕೊಟ್ಟ ಸ್ಟಾರ್ ರೇಟಿಂಗನ್ನು ಹಾಡಿನ ಫೈಲ್ ಒಳಗೇ ಬರೆಯುತ್ತವೆ. ನೀವು ಹಾಡು ಕೇಳುತ್ತಾ ಒಂದು ಸ್ಟಾರ್ ಒತ್ತಿದ್ದೀರಿ ಅಷ್ಟೆ, ಆದರೆ ಫೈಲ್ ಬದಲಾಗಿರುತ್ತದೆ.

ಹಂತ 2: ಈಗಾಗಲೇ ಬೇರೆಬೇರೆ ಆಗಿದ್ದರೆ ಮೊದಲು ಕೂಡಿಸಿ

ಇದನ್ನು ಓದುವ ಹೆಚ್ಚಿನವರ ಡಿಸ್ಕ್‌ಗಳು ಈಗಾಗಲೇ ಒಂದೊಂದು ದಾರಿ ಹಿಡಿದಿರುತ್ತವೆ. ಹಾಗಿದ್ದರೆ ಇವತ್ತೇ ಸಿಂಕ್ ಒತ್ತಬೇಡಿ. ಈ ಹಂತಕ್ಕೆ ಹೊತ್ತು ಬೇಕು. ನನಗೆ ಮೂರು ವಾರದ ಸಂಜೆಗಳು ಹಿಡಿದವು.

ಯಾವುದು ಹೆಚ್ಚು ಒಪ್ಪವಾಗಿದೆಯೋ ಅದನ್ನು ಮೂಲವಾಗಿ ಇಟ್ಟುಕೊಳ್ಳಿ. ಯಾವುದು ದೊಡ್ಡದು ಅನ್ನುವುದು ಮುಖ್ಯ ಅಲ್ಲ. ಫ್ರೀಫೈಲ್‌ಸಿಂಕ್‌ನಲ್ಲಿ ಎಡಗಡೆ ಮೂಲ, ಬಲಗಡೆ ಎರಡನೇ ಡಿಸ್ಕ್ ಕೊಟ್ಟು ‘ಕಂಪೇರ್’ ಒತ್ತಿ. ಕಂಪೇರ್ ಏನನ್ನೂ ಬದಲಾಯಿಸುವುದಿಲ್ಲ, ಧೈರ್ಯವಾಗಿ ಒತ್ತಬಹುದು. ಎಡಕ್ಕೆ ಮಾತ್ರ ಇರುವುದು, ಬಲಕ್ಕೆ ಮಾತ್ರ ಇರುವುದು, ಎರಡೂ ಕಡೆ ಇದ್ದು ಬೇರೆಯಾಗಿರುವುದು, ಮೂರನ್ನೂ ಬೇರೆ ಮಾಡಿ ತೋರಿಸುತ್ತದೆ.

ಬಲಕ್ಕೆ ಮಾತ್ರ ಇರುವ ಪಟ್ಟಿಯಲ್ಲಿ ಚಿನ್ನವೂ ಇರುತ್ತದೆ, ಕಸವೂ ಇರುತ್ತದೆ. ಒಂದು ದಿನಕ್ಕೆ ಒಬ್ಬ ಕಲಾವಿದರ ಫೋಲ್ಡರ್ ಅಂತ ತೆಗೆದುಕೊಳ್ಳಿ. ನನ್ನಲ್ಲಿ ‘ಮಲ್ಲಿಕಾರ್ಜುನ ಮನ್ಸೂರ’, ‘ಮಲ್ಲಿಕಾರ್ಜುನ ಮನಸೂರ’, ‘ಮನ್ಸೂರ್’ ಅಂತ ಮೂರು ಫೋಲ್ಡರ್ ಇದ್ದವು. ಮೂರರಲ್ಲೂ ಅದೇ ರಾಗಗಳು, ಜೊತೆಗೆ ಒಂದೊಂದರಲ್ಲಿ ಬೇರೆ ಕಡೆ ಇಲ್ಲದ ಒಂದೊಂದು ರೆಕಾರ್ಡಿಂಗ್. ಹೆಸರು ನೋಡಿ ಅಳಿಸಿದ್ದರೆ ಅವು ಹೋಗುತ್ತಿದ್ದವು. ಹಾಡಿನ ಉದ್ದ ನೋಡಿ, ಮೊದಲ ಒಂದು ನಿಮಿಷ ಕೇಳಿ, ಆಮೇಲೆ ತೀರ್ಮಾನ ಮಾಡಿ.

ಅನುಮಾನ ಬಂದದ್ದನ್ನು ಅಳಿಸಬೇಡಿ. ಮೂಲದಲ್ಲೇ ‘ನೋಡಬೇಕಾದದ್ದು’ ಅಂತ ಒಂದು ಫೋಲ್ಡರ್ ಮಾಡಿ ಅದಕ್ಕೆ ಹಾಕಿ. ಎಲ್ಲ ಕೂಡಿಸಿ ಮುಗಿಯುವ ತನಕ ಹಳೆಯ ಡಿಸ್ಕ್‌ಗಳಲ್ಲಿ ಒಂದನ್ನು ಇದ್ದ ಹಾಗೇ ಪಕ್ಕಕ್ಕಿಡಿ.

ಹಂತ 3: ಡಿಸ್ಕ್‌ಗೆ ಹೆಸರು ಕೊಡಿ

ಸಣ್ಣ ಕೆಲಸ, ಆದರೆ ಇದನ್ನು ಬಿಟ್ಟವರಿಗೆ ಆಗುವ ನಷ್ಟ ದೊಡ್ಡದು. ವಿಂಡೋಸ್ ಒಂದು ಡಿಸ್ಕ್‌ಗೆ ಇವತ್ತು ‘ಇ’ ಅಂತ ಅಕ್ಷರ ಕೊಟ್ಟರೆ ನಾಳೆ ‘ಎಫ್’ ಕೊಡಬಹುದು. ಮೊದಲು ಯಾವುದನ್ನು ಚುಚ್ಚಿದ್ದೀರಿ ಅನ್ನುವುದರ ಮೇಲೆ ಬದಲಾಗುತ್ತದೆ. ನಿಮ್ಮ ಸಿಂಕ್ ‘ಎಫ್‌ನಲ್ಲಿ ಇರುವುದನ್ನು ಮೂಲದ ಹಾಗೆ ಮಾಡು’ ಅಂತ ಬರೆದುಕೊಂಡಿರುತ್ತದೆ. ಆ ದಿನ ಎಫ್‌ನಲ್ಲಿ ಮಕ್ಕಳ ಫೋಟೋ ಡಿಸ್ಕ್ ಇದ್ದರೆ?

ಅದಕ್ಕೆ ಪ್ರತಿ ಡಿಸ್ಕ್‌ಗೂ ಅದರದ್ದೇ ವಾಲ್ಯೂಮ್ ಹೆಸರು ಕೊಡಿ. ನನ್ನವು ‘ಸಂಗೀತಮೂಲ’, ‘ಸಂಗೀತ2’, ‘ಸಂಗೀತ3’. ಫ್ರೀಫೈಲ್‌ಸಿಂಕ್‌ನಲ್ಲಿ ಡ್ರೈವ್ ಅಕ್ಷರದ ಬದಲು ಚೌಕ ಆವರಣದೊಳಗೆ ಈ ಹೆಸರನ್ನೇ ಬರೆಯಬಹುದು. ಯಾವ ಅಕ್ಷರ ಸಿಕ್ಕರೂ ಸರಿಯಾದ ಡಿಸ್ಕನ್ನೇ ಹುಡುಕಿಕೊಳ್ಳುತ್ತದೆ. ಹಾಡುಗಳನ್ನು ಡಿಸ್ಕ್‌ನ ಬುಡದಲ್ಲೇ ಹರಡದೆ ಎಲ್ಲದರಲ್ಲೂ ‘ಸಂಗೀತ’ ಅನ್ನುವ ಒಂದೇ ಫೋಲ್ಡರ್ ಒಳಗೆ ಇಡಿ. ಡಿಸ್ಕ್‌ನ ಮೇಲೂ ಅದೇ ಹೆಸರಿನ ಚೀಟಿ ಅಂಟಿಸಿ, ಕೊನೆಗೆ ಸಿಂಕ್ ಮಾಡಿದ ತಾರೀಕನ್ನು ಪೆನ್ಸಿಲಿನಲ್ಲಿ ಬರೆಯಿರಿ.

ಹಂತ 4: ಫಾರ್ಮ್ಯಾಟ್

ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಯಾವ ಬಗೆಯಲ್ಲಿ ಜೋಡಿಸಿ ಇಡುತ್ತದೆ ಅನ್ನುವುದೇ ಫಾರ್ಮ್ಯಾಟ್. ವಿಂಡೋಸ್ ಮಾತ್ರ ಬಳಸುವವರಿಗೆ ಎನ್‌ಟಿಎಫ್‌ಎಸ್ ಸಾಕು, ಅದೇ ಒಳ್ಳೆಯದು. ಮನೆಯಲ್ಲಿ ಮ್ಯಾಕ್ ಕೂಡ ಇದ್ದರೆ ಎಕ್ಸ್‌ಫ್ಯಾಟ್ ಬೇಕಾಗುತ್ತದೆ, ಯಾಕೆಂದರೆ ಮ್ಯಾಕ್ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆ, ತಾನಾಗಿ ಬರೆಯುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಜರ್ನಲ್ ಇಲ್ಲ, ಅಂದರೆ ಏನು ಬರೆಯುತ್ತಿದ್ದೇನೆ ಅಂತ ಅದು ಗುರುತು ಇಟ್ಟುಕೊಳ್ಳುವುದಿಲ್ಲ. ಬರೆಯುತ್ತಿರುವಾಗ ಕರೆಂಟ್ ಹೋದರೆ ಅಥವಾ ವೈರ್ ಕಿತ್ತರೆ ತೊಂದರೆ ಜಾಸ್ತಿ. ಇಜೆಕ್ಟ್ ಮಾಡದೆ ತೆಗೆಯಬೇಡಿ.

ಹಳೆಯ ಡಿಸ್ಕ್‌ಗಳಲ್ಲಿ ಫ್ಯಾಟ್32 ಇದ್ದರೆ ಬದಲಾಯಿಸಿ. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಹಾಡಿಗೆ ಅಷ್ಟು ಯಾಕೆ ಅಂತ ಕೇಳಬಹುದು. ಮೂರು ಗಂಟೆಯ ಕಛೇರಿಯನ್ನು 24 ಬಿಟ್, 96 ಕಿಲೋಹರ್ಟ್ಜ್ ವೇವ್ ಫೈಲಾಗಿ ಹಿಡಿದರೆ 6 ಜಿಬಿ ದಾಟುತ್ತದೆ. ಬೆಳಗಿನ ತನಕ ನಡೆಯುವ ಯಕ್ಷಗಾನ ಹಿಡಿದವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ.

ಹಂತ 5: ಕನ್ನಡದ ಫೈಲ್ ಹೆಸರುಗಳು

ಕನ್ನಡದಲ್ಲಿ ಹೆಸರಿಡುವವರು ಈ ಭಾಗವನ್ನು ನಿಧಾನವಾಗಿ ಓದಿ. ಇದು ಗೊತ್ತಾಗುವ ತನಕ ನಾನು ಬಹಳ ತಲೆ ಕೆಡಿಸಿಕೊಂಡಿದ್ದೆ.

ಒಮ್ಮೆ ಬೀರುವಿನ ಡಿಸ್ಕ್‌ನಲ್ಲಿ ‘ಭೀಮಸೇನ ಜೋಶಿ’ ಅಂತ ಎರಡು ಫೋಲ್ಡರ್ ಅಕ್ಕಪಕ್ಕ ಕಾಣಿಸಿತು. ಅಕ್ಷರ ಅಕ್ಷರ ಒಂದೇ. ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಇರಲು ಸಾಧ್ಯವೇ ಇಲ್ಲ, ಅಲ್ವಾ? ಆದರೆ ಅವು ಕಂಪ್ಯೂಟರಿನ ಕಣ್ಣಿಗೆ ಬೇರೆ. ‘ಜೋ’ದಲ್ಲಿರುವ ಓಕಾರವನ್ನು ಯೂನಿಕೋಡ್‌ನಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಸಂಕೇತ ಪದ್ಧತಿ) ಒಂದೇ ಗುರುತಾಗಿ ಬರೆಯಬಹುದು. ಅದನ್ನೇ ಮೂರು ತುಂಡು ಮಾಡಿಯೂ ಬರೆಯಬಹುದು: ಎತ್ವ, ಊಕಾರದ ಕೊಂಬು, ಕೊನೆಗೆ ದೀರ್ಘ. ಪರದೆಯ ಮೇಲೆ ಎರಡೂ ‘ಜೋ’. ‘ಭೀ’ದಲ್ಲಿರುವ ಈಕಾರವೂ ಹೀಗೇ, ಗುಡಿಸು ಒಂದು, ದೀರ್ಘ ಒಂದು ಅಂತ ಎರಡಾಗುತ್ತದೆ. ಏಕಾರ, ಐಕಾರ, ಒಕಾರಕ್ಕೂ ಇದೇ ಕಥೆ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ಹೀಗೆ ತುಂಡು ಮಾಡಿಯೇ ಇಡುತ್ತಿತ್ತು. ವಿಂಡೋಸ್ ನಾವು ಟೈಪ್ ಮಾಡಿದ ಹಾಗೇ ಇಡುತ್ತದೆ. ನಾನು ತಮ್ಮನ ಹಳೆಯ ಮ್ಯಾಕ್‌ನಿಂದ ಒಂದಷ್ಟು ಕಾಪಿ ಮಾಡಿಕೊಂಡಿದ್ದೆ, ಅಲ್ಲಿಂದ ಶುರುವಾಗಿದ್ದು ಇದು.

ಇನ್ನೊಂದು ಕಾಣದ ಗುರುತು ಇದೆ. ‘ಭೀಮ್‌ಸೇನ್’ ಅಂತ ಬರೆಯುವಾಗ ‘ಮ್’ ಕೆಳಗೆ ‘ಸ’ ಒತ್ತಾಗಿ ಕೂರದ ಹಾಗೆ ನಡುವೆ ಒಂದು ತಡೆ ಹಾಕುತ್ತೇವೆ. ಪದದ ನಡುವೆ ಅದು ಇದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುತ್ತದೆ. ಎಲ್ಲಿಂದಲೋ ಕಾಪಿ ಮಾಡಿದಾಗ ಪದದ ಕೊನೆಯಲ್ಲಿ ಉಳಿದುಬಿಟ್ಟರೆ ಏನೂ ಕಾಣುವುದಿಲ್ಲ, ಹೆಸರು ಮಾತ್ರ ಬೇರೆಯೇ ಆಗಿರುತ್ತದೆ.

ಹಾಗಂತ ಇಂಗ್ಲಿಷ್‌ನಲ್ಲೇ ಹೆಸರಿಡಿ ಅಂತ ನಾನು ಹೇಳುವುದಿಲ್ಲ. ಕನ್ನಡದ ಹಾಡಿಗೆ ಕನ್ನಡದ ಹೆಸರೇ ಚೆಂದ. ಒಂದು ಟೆಕ್ಸ್ಟ್ ಫೈಲ್ ಮಾಡಿ, ಕಲಾವಿದರ ಹೆಸರುಗಳನ್ನೆಲ್ಲ ಒಂದೇ ಕೀಬೋರ್ಡ್‌ನಲ್ಲಿ ಒಮ್ಮೆ ಟೈಪ್ ಮಾಡಿ ಇಟ್ಟುಕೊಳ್ಳಿ. ಹೊಸ ಫೋಲ್ಡರ್ ಮಾಡುವಾಗ ಅಲ್ಲಿಂದಲೇ ಕಾಪಿ ಮಾಡಿ. ಈಗಾಗಲೇ ಜೋಡಿ ಫೋಲ್ಡರ್ ಇದ್ದರೆ, ಸರಿಯಾದ ಹೆಸರಿನ ಹೊಸ ಫೋಲ್ಡರ್ ಮಾಡಿ ಎರಡರಲ್ಲಿರುವುದನ್ನೂ ಅದಕ್ಕೆ ಸಾಗಿಸಿ. ಫೋಲ್ಡರ್‌ಗಳ ಹೆಸರು ಹೋಲಿಸಲು ಕಣ್ಣನ್ನು ನಂಬಬೇಡಿ.

ಜೊತೆಗೆ ಪ್ರಶ್ನೆ ಗುರುತು, ಕೋಲನ್, ನಕ್ಷತ್ರದ ಗುರುತು, ಓರೆಗೆರೆಗಳು ವಿಂಡೋಸ್‌ನಲ್ಲಿ ಹೆಸರಿನ ಒಳಗೆ ಬರುವಂತಿಲ್ಲ. ಲಿನಕ್ಸ್‌ನಿಂದ ಬಂದ ಹಾಡಿಗೆ ಅಂಥ ಹೆಸರಿದ್ದರೆ ವಿಂಡೋಸ್‌ಗೆ ತರುವಾಗ ಅದೊಂದೇ ಬಿಟ್ಟುಹೋಗುತ್ತದೆ. ಕೊನೆಯ ಎರರ್ ಪಟ್ಟಿ ನೋಡದೆ ವಿಂಡೋ ಮುಚ್ಚಬೇಡಿ.

ಹಂತ 6: ಮಿರರ್, ಜೊತೆಗೆ ವರ್ಷನಿಂಗ್

ಈಗ ಸಿಂಕ್ ಕಟ್ಟುವುದು. ಎಡಕ್ಕೆ ಮೂಲ, ಬಲಕ್ಕೆ ‘ಸಂಗೀತ2’. ಸೆಟ್ಟಿಂಗ್ಸ್‌ನಲ್ಲಿ ‘ಮಿರರ್’ ಆರಿಸಿ. ಬಲಗಡೆಯದು ಎಡಗಡೆಯದರ ಹಾಗೇ ಆಗುತ್ತದೆ, ಹೆಚ್ಚಿಗೆ ಇದ್ದದ್ದು ಅಳಿಯುತ್ತದೆ. ಬರೀ ಸೇರಿಸುವ ‘ಅಪ್‌ಡೇಟ್’ ಆರಿಸಿದರೆ ಏನೂ ಅಳಿಯದು ನಿಜ, ಆದರೆ ಹೆಸರು ತಿದ್ದಿದ ಹಾಡುಗಳ ಹಳೆ ಪ್ರತಿಗಳು ರಾಶಿ ಬೀಳುತ್ತವೆ. ಮತ್ತೆ ಹಂತ 2ಕ್ಕೆ ಬಂದು ನಿಲ್ಲುತ್ತೀರಿ.

ಮಿರರ್‌ನ ಅಪಾಯವನ್ನು ತಡೆಯುವುದು ಅದರ ಕೆಳಗಿರುವ ಇನ್ನೊಂದು ಆಯ್ಕೆ. ಅಳಿಸಿದ ಫೈಲ್‌ಗಳನ್ನು ಏನು ಮಾಡಬೇಕು ಅಂತ ಅದು ಕೇಳುತ್ತದೆ. ರೀಸೈಕಲ್ ಬಿನ್, ಪೂರ್ತಿ ಅಳಿಸು, ವರ್ಷನಿಂಗ್, ಈ ಮೂರರಲ್ಲಿ ವರ್ಷನಿಂಗ್ ಆರಿಸಿ. ಅದೇ ಬಲಗಡೆ ಡಿಸ್ಕ್‌ನಲ್ಲಿ, ‘ಸಂಗೀತ’ ಫೋಲ್ಡರಿನ ಹೊರಗೆ, ‘ತೆಗೆದದ್ದು’ ಅಂತ ಒಂದು ಫೋಲ್ಡರ್ ಮಾಡಿ ಅದನ್ನು ತೋರಿಸಿ. ಹೆಸರಿಡುವ ಬಗೆಯಲ್ಲಿ ಟೈಮ್ ಸ್ಟಾಂಪ್ ಫೋಲ್ಡರ್ ಆರಿಸಿ. ಇನ್ನು ಮುಂದೆ ಮಿರರ್ ಏನನ್ನು ಅಳಿಸಿದರೂ, ಯಾವ ಹಳೆಯ ಫೈಲಿನ ಮೇಲೆ ಬರೆದರೂ, ಹಳೆಯದು ಆ ದಿನದ ತಾರೀಕಿನ ಫೋಲ್ಡರಿಗೆ ಹೋಗಿ ಕೂರುತ್ತದೆ. ಅವತ್ತು ಇದೊಂದು ಆಯ್ಕೆ ಹಾಕಿದ್ದರೆ ಅಜ್ಜಿಯ ಪದಗಳು ಬೀರುವಿನಲ್ಲೇ ಇರುತ್ತಿದ್ದವು.

ಇದಕ್ಕೆ ಜಾಗ ಬೇಕು. ಅದಕ್ಕೇ ನಕಲು ಡಿಸ್ಕ್ ಮೂಲಕ್ಕಿಂತ ದೊಡ್ಡದಿರಲಿ. ನನ್ನ ಮೂಲ 1 ಟಿಬಿ, ನಕಲುಗಳು 2 ಟಿಬಿ. ಒಂದು ವರ್ಷ ದಾಟಿದ ‘ತೆಗೆದದ್ದು’ಗಳನ್ನು ಮಾತ್ರ, ಒಮ್ಮೆ ಕಣ್ಣಾಡಿಸಿ, ಅಳಿಸುತ್ತೇನೆ.

ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ಬೇಡದ ಫೈಲ್‌ಗಳನ್ನು ಫಿಲ್ಟರಿನಲ್ಲಿ ಹಾಕಿ ಸಿಂಕ್‌ನಿಂದ ಹೊರಗಿಡಿ: ಥಂಬ್ಸ್ ಡಿಬಿ, ಡೆಸ್ಕ್‌ಟಾಪ್ ಐಎನ್‌ಐ, ಮ್ಯಾಕ್‌ನ ಡಿಎಸ್ ಸ್ಟೋರ್, ಚುಕ್ಕಿ ಮತ್ತು ಅಡಿಗೆರೆಯಿಂದ ಶುರುವಾಗುವ ಮ್ಯಾಕ್‌ನ ಪುಟ್ಟ ಫೈಲ್‌ಗಳು. ಇವು ಪ್ರತಿ ಸಲ ಬದಲಾದ ಹಾಗೆ ಕಂಡು ಪಟ್ಟಿಯನ್ನು ಗಲೀಜು ಮಾಡುತ್ತವೆ. ಎಲ್ಲ ಆದ ಮೇಲೆ ಸೇವ್ ಮಾಡಿ. ‘ಸಂಗೀತ3’ಕ್ಕೂ ಇಂಥದ್ದೇ ಇನ್ನೊಂದು.

ಹಂತ 7: ಒತ್ತುವ ಮೊದಲು ಅಂಕಿ ಓದಿ

ಕಂಪೇರ್ ಮಾಡಿದ ಮೇಲೆ ಕೆಳಗಡೆ ಅಂಕಿಗಳು ಬರುತ್ತವೆ: ಎಷ್ಟು ಹೊಸದು, ಎಷ್ಟು ಬದಲಾಗಿದೆ, ಎಷ್ಟು ಅಳಿಯುತ್ತದೆ. ಇಡೀ ಕ್ರಮದ ಜೀವ ಇರುವುದು ಈ ಅರ್ಧ ನಿಮಿಷದಲ್ಲಿ.

ಕಳೆದ ತಿಂಗಳ ನನ್ನ ಪರದೆ ಹೀಗಿತ್ತು. ಹೊಸದು 38. ಬದಲಾದದ್ದು 12. ಅಳಿಯುವುದು 214. ಎರಡು ಸಿಡಿ ಸೇರಿಸಿದ್ದೆ, ಒಂದು ಆಲ್ಬಮ್‌ನ ಟ್ಯಾಗ್ ತಿದ್ದಿದ್ದೆ, ಮೊದಲೆರಡು ಸರಿಯಾಯಿತು. 214 ಯಾವುದು? ನಾನು ಅಷ್ಟು ಅಳಿಸಿದ ನೆನಪೇ ಇಲ್ಲ. ಅಳಿಯುವ ಗುರುತಿನ ಸಾಲುಗಳನ್ನು ಮಾತ್ರ ಉಳಿಸಿಕೊಂಡು ನೋಡಿದೆ. ಎಲ್ಲವೂ ವಚನ ಗಾಯನದ ಫೋಲ್ಡರಿನವು. ಮೂಲದಲ್ಲಿ ಹೋಗಿ ಹುಡುಕಿದರೆ ಆ ಫೋಲ್ಡರ್ ಪಕ್ಕದ ಫೋಲ್ಡರಿನ ಒಳಗೆ ಸೇರಿತ್ತು. ಮೌಸ್ ಎಳೆಯುವಾಗ ಕೈ ಜಾರಿರಬೇಕು. ಹಾಗಿದ್ದರೆ ಹೊಸ ಜಾಗದಲ್ಲಿ 214 ಹೊಸದಾಗಿ ಕಾಣಬೇಕಿತ್ತಲ್ಲ? ಅದು ಸೇರಿದ್ದು ‘ನೋಡಬೇಕಾದದ್ದು’ ಫೋಲ್ಡರಿಗೆ. ಆ ಫೋಲ್ಡರನ್ನು ನಾನು ಫಿಲ್ಟರಿನಲ್ಲಿ ಹಾಕಿ ಸಿಂಕ್‌ನಿಂದ ಹೊರಗಿಟ್ಟಿದ್ದೆ. ಹಾಗೇ ಒತ್ತಿದ್ದರೆ ವಚನಗಳು ಮೂಲದಲ್ಲಿ ಮಾತ್ರ ಉಳಿದು, ನಕಲಿನಿಂದ ಜಾರಿಹೋಗುತ್ತಿದ್ದವು. ಅವನ್ನು ಸ್ವಸ್ಥಾನಕ್ಕೆ ತಂದೆ. ಫಿಲ್ಟರಿನಿಂದ ಆ ಹೆಸರನ್ನೂ ತೆಗೆದೆ.

ನನ್ನ ನಿಯಮ ಇಷ್ಟೇ. ಅಳಿಯುವ ಅಂಕಿ ನನಗೆ ನೆನಪಿರುವ ಕೆಲಸಕ್ಕೆ ತಾಳೆ ಆಗದಿದ್ದರೆ ಅವತ್ತು ಸಿಂಕ್ ಇಲ್ಲ. ಎರಡು ಫೋಲ್ಡರ್ ನಡುವೆ ತುಂಬಾ ವ್ಯತ್ಯಾಸ ಇದ್ದರೆ ಫ್ರೀಫೈಲ್‌ಸಿಂಕ್ ತಾನೇ ಒಂದು ಎಚ್ಚರಿಕೆ ತೋರಿಸುತ್ತದೆ. ಅದು ಬಂದಾಗ ಓದದೆ ಮುಂದೆ ಹೋಗಬೇಡಿ. ಇದೇ ಕಾರಣಕ್ಕೆ ತಾನಾಗಿಯೇ ಪ್ರತಿ ರಾತ್ರಿ ನಡೆಯುವ ಸಿಂಕ್ ನನಗೆ ಇಷ್ಟವಿಲ್ಲ. ಸಂಗೀತದ ಸಂಗ್ರಹ ದಿನಾ ಬದಲಾಗುವುದಿಲ್ಲ. ತಿಂಗಳಿಗೊಮ್ಮೆ ಕೂತು ಕೈಯಾರೆ ಮಾಡಿದರೆ ಸಾಕು.

ಮೊದಲ ಸಲದ ಕಾಪಿಗೆ ಹೊತ್ತು ಹಿಡಿಯುತ್ತದೆ. ಸೆಕೆಂಡಿಗೆ 100 ಎಂಬಿ ಹೋದರೂ 1 ಟಿಬಿಗೆ ಹತ್ತಿರ ಹತ್ತಿರ ಮೂರು ಗಂಟೆ ಬೇಕು. ಹಳೆಯ ಯುಎಸ್‌ಬಿ 2 ಪೋರ್ಟಿಗೆ ಚುಚ್ಚಿದರೆ ಅದರ ಎರಡು ಮೂರು ಪಟ್ಟು. ಆಮೇಲಿನ ಸಲಗಳಲ್ಲಿ ಕೆಲವೇ ನಿಮಿಷ.

ಹಂತ 8: ಎರಡು ನಕಲನ್ನೂ ಒಟ್ಟಿಗೆ ಚುಚ್ಚಬೇಡಿ

ಮೂರೂ ಡಿಸ್ಕ್ ಒಂದೇ ಹಬ್‌ಗೆ ಚುಚ್ಚಿ ಒಂದೇ ಸಲ ಮುಗಿಸುವ ಆಸೆ ಆಗುತ್ತದೆ. ಬೇಡ. ಸಿಡಿಲು, ವೋಲ್ಟೇಜ್ ಏರುಪೇರು, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್‌ಸಮ್‌ವೇರ್, ಮೇಜಿನ ಮೇಲೆ ಚೆಲ್ಲುವ ಕಾಫಿ, ಯಾವುದೇ ಆಗಲಿ ಆ ಹೊತ್ತಿಗೆ ಅಲ್ಲಿ ಇರುವುದನ್ನೆಲ್ಲ ತೆಗೆದುಕೊಂಡು ಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಕ್ರಮ ಹೀಗಿದೆ. ಪ್ರತಿ ತಿಂಗಳು ಮೊದಲ ಭಾನುವಾರ ಬೀರುವಿನ ಡಿಸ್ಕ್. ಯುಗಾದಿಗೆ ಮತ್ತು ದೀಪಾವಳಿಗೆ ಶಿವಮೊಗ್ಗಕ್ಕೆ ಹೋಗುವಾಗ ಬೀರುವಿನದನ್ನು ಅಲ್ಲಿ ಬಿಟ್ಟು, ಅಲ್ಲಿಂದ ಇನ್ನೊಂದನ್ನು ತರುತ್ತೇನೆ. ಹಾಗೆ ವಾಪಸ್ ಬಂದ ಡಿಸ್ಕ್ ಆರು ತಿಂಗಳು ಹಳೆಯದು. ಅದನ್ನು ಕಂಪೇರ್ ಮಾಡುವುದು ಬಹಳ ಬೆಲೆಯುಳ್ಳ ಕೆಲಸ. ಆರು ತಿಂಗಳಲ್ಲಿ ಮೂಲದಿಂದ ಏನೇನು ಕಾಣೆಯಾಗಿದೆ ಅಂತ ಒಂದೇ ಪರದೆಯಲ್ಲಿ ಕಾಣುತ್ತದೆ. ಆ ಪಟ್ಟಿಯನ್ನು ಒಂದೊಂದೇ ಸಾಲು ಓದುತ್ತೇನೆ, ಆಮೇಲೇ ಸಿಂಕ್.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯ ಹೊರಗೆ ಅನ್ನುವ 3-2-1 ನಿಯಮವನ್ನು ಜನಪ್ರಿಯ ಮಾಡಿದವರು ಛಾಯಾಗ್ರಾಹಕ ಪೀಟರ್ ಕ್ರೋ. ಎರಡು ಬಗೆಯ ಸಾಧನ ಅನ್ನುವುದಕ್ಕೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ನಲ್ಲಿ ಬರೆದಿಡುವ ಡಿಸ್ಕ್) ಕೊಳ್ಳುವುದಾದರೆ ಅದನ್ನು ದಿನಾ ಬಳಸುವ ಮೂಲಕ್ಕೆ ಇಡಿ. ಎಸ್‌ಎಸ್‌ಡಿ ಕರೆಂಟ್ ಕಾಣದೆ ವರ್ಷಗಟ್ಟಲೆ ಬೀರುವಿನಲ್ಲಿ ಇರುವುದಕ್ಕೆ ಮಾಡಿದ್ದಲ್ಲ. ಬೀರುವಿಗೆ ತಿರುಗುವ ಹಾರ್ಡ್ ಡಿಸ್ಕೇ ವಾಸಿ.

ಹಂತ 9: ಟ್ಯಾಗ್ ತಿದ್ದಿದ್ದು ಸಿಂಕ್‌ಗೆ ಕಾಣದೇ ಇರಬಹುದು

ಸಂಗೀತದ ಸಂಗ್ರಹಕ್ಕೆ ಹೆಚ್ಚಾಗಿ ಬರುವ ತೊಂದರೆ ಇದು. ಸಿಂಕ್ ಸಾಫ್ಟ್‌ವೇರ್ ಫೈಲ್ ಬದಲಾಗಿದೆಯಾ ಅಂತ ತಿಳಿಯಲು ಎರಡು ನೋಡುತ್ತದೆ, ತಾರೀಕು ಮತ್ತು ಗಾತ್ರ. ಹಾಡಿನ ಫೈಲ್‌ನಲ್ಲಿ ಟ್ಯಾಗ್‌ಗಳಿಗೆ ಅಂತ ಸ್ವಲ್ಪ ಖಾಲಿ ಜಾಗ ಬಿಟ್ಟಿರುತ್ತಾರೆ. ಫ್ಲ್ಯಾಕ್ (ದನಿ ಕೆಡದ ಹಾಗೆ ಕುಗ್ಗಿಸಿಡುವ ಬಗೆ) ಫೈಲ್ ಮಾಡುವಾಗ ಸಾಫ್ಟ್‌ವೇರ್ ಸಾಮಾನ್ಯ ಹಾಡಿಗೆ 8192 ಬೈಟ್ ಖಾಲಿ ಇಡುತ್ತದೆ. ರಾಗದ ಹೆಸರನ್ನು ತಿದ್ದಿದರೆ ಅದು ಆ ಖಾಲಿ ಜಾಗದೊಳಗೇ ಹಿಡಿಯುತ್ತದೆ, ಫೈಲಿನ ಗಾತ್ರ ಒಂದು ಬೈಟ್ ಕೂಡ ಬದಲಾಗುವುದಿಲ್ಲ. ತಾರೀಕು ಬದಲಾಗುತ್ತದೆಯಲ್ಲ ಅನ್ನಬಹುದು. ಆದರೆ ಎಂಪಿ3ಟ್ಯಾಗ್‌ನಂಥ ಎಡಿಟರ್‌ಗಳಲ್ಲಿ ಹಳೆಯ ತಾರೀಕನ್ನೇ ಉಳಿಸುವ ಆಯ್ಕೆ ಇದೆ. ಅದನ್ನು ಹಾಕಿದ್ದರೆ ಗಾತ್ರ ಅದೇ, ತಾರೀಕೂ ಅದೇ. ನೀವು ಮುನ್ನೂರು ಹಾಡು ತಿದ್ದಿದ್ದರೂ ಸಿಂಕ್ ‘ಎಲ್ಲ ಒಂದೇ ಇದೆ’ ಅನ್ನುತ್ತದೆ.

ಆ ಆಯ್ಕೆ ಹಾಕಿದ್ದರೆ ತೆಗೆದುಬಿಡಿ. ಯಾವುದು ಯಾವಾಗ ಸೇರಿತು ಅಂತ ತಿಳಿಯಲು ಫೈಲ್ ತಾರೀಕು ಬೇಕು ಅನ್ನುವವರು, ಟ್ಯಾಗ್‌ನಲ್ಲೇ ಒಂದು ಕಡೆ ಸೇರಿಸಿದ ತಾರೀಕು ಬರೆದುಕೊಳ್ಳುವುದು ಒಳ್ಳೆಯದು.

ಹಂತ 10: ವರ್ಷಕ್ಕೊಮ್ಮೆ ಒಳಗನ್ನೂ ನೋಡಿ

ತಾರೀಕು, ಗಾತ್ರ ಎರಡೂ ಸರಿ ಇದ್ದು ಒಳಗೆ ಹಾಡು ಕೆಟ್ಟಿರಬಹುದು. ಹಳೆಯ ಡಿಸ್ಕ್‌ಗಳಲ್ಲಿ ಹೀಗಾಗುತ್ತದೆ. ವರ್ಷಕ್ಕೊಮ್ಮೆ ಕಂಪೇರ್ ಸೆಟ್ಟಿಂಗನ್ನು ‘ಫೈಲ್ ಕಂಟೆಂಟ್’ಗೆ ಬದಲಾಯಿಸಿ ರಾತ್ರಿ ಬಿಟ್ಟು ಮಲಗಿ. ಎರಡೂ ಕಡೆಯ ಪ್ರತಿ ಬೈಟನ್ನೂ ಹೋಲಿಸುತ್ತದೆ.

ವ್ಯತ್ಯಾಸ ಸಿಕ್ಕರೆ ಕೂಡಲೇ ಸಿಂಕ್ ಮಾಡಬೇಡಿ. ಕೆಟ್ಟಿರುವುದು ಮೂಲದ್ದೇ ಆಗಿರಬಹುದು. ಫ್ಲ್ಯಾಕ್ ಇಲ್ಲಿ ಕೈ ಹಿಡಿಯುತ್ತದೆ. ಪ್ರತಿ ಫ್ಲ್ಯಾಕ್ ಫೈಲೂ ತನ್ನೊಳಗಿನ ದನಿಯ ಒಂದು ಎಂಡಿ5 ಗುರುತನ್ನು (ದನಿ ಸ್ವಲ್ಪ ಕೆಟ್ಟರೂ ಹೊಂದದೇ ಹೋಗುವ ಸಂಖ್ಯೆ) ಇಟ್ಟುಕೊಂಡಿರುತ್ತದೆ. ಫ್ಲ್ಯಾಕ್‌ನ ಟೆಸ್ಟ್ ಆಯ್ಕೆ ಹಾಡನ್ನು ಬಿಚ್ಚಿ ನೋಡಿ ಆ ಗುರುತಿಗೆ ಹೊಂದುತ್ತದೆಯಾ ಅಂತ ಹೇಳುತ್ತದೆ. ಯಾವ ಪ್ರತಿ ಪಾಸಾಯಿತೋ ಅದೇ ಸರಿ. ಎಂಪಿ3ಗೆ ಇಂಥ ಗುರುತು ಇರುವುದಿಲ್ಲ, ಮೂರನೇ ಡಿಸ್ಕ್ ತೆಗೆದು ಯಾವ ಎರಡು ಒಂದೇ ಇವೆ ಅಂತ ನೋಡಬೇಕು. ಕ್ಯಾಸೆಟ್‌ನಿಂದ ಇಳಿಸುವವರು ಫ್ಲ್ಯಾಕ್‌ನಲ್ಲೇ ಇಳಿಸಿ ಅಂತ ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಪ್ಲೇಲಿಸ್ಟ್‌ಗಳು

ಹಾಡು ಎಲ್ಲ ಉಳಿದು ಹತ್ತು ವರ್ಷ ಕೂಡಿಸಿದ ಪ್ಲೇಲಿಸ್ಟ್ ಹೋದರೆ ಅದೂ ನಷ್ಟವೇ. ನಿಮ್ಮ ಪ್ಲೇಯರ್ ಅವನ್ನು ಎಲ್ಲಿಡುತ್ತದೆ ನೋಡಿ, ಹೆಚ್ಚಾಗಿ ಹಾಡಿನ ಫೋಲ್ಡರಿನಲ್ಲಿ ಇರುವುದಿಲ್ಲ. ಎಂ3ಯು8 ಅನ್ನುವ ಪ್ಲೇಲಿಸ್ಟ್ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ ‘ಸಂಗೀತ’ ಫೋಲ್ಡರಿನಲ್ಲೇ ಇಡಿ. ಎಂ3ಯು8 ಯೂನಿಕೋಡ್‌ನಲ್ಲಿ ಇರುವುದರಿಂದ ಕನ್ನಡ ಹೆಸರು ಕೆಡುವುದಿಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ರಿಲೇಟಿವ್ ಪಾತ್ ಆರಿಸಿ. ಇಲ್ಲದಿದ್ದರೆ ಅದರಲ್ಲಿ ಡ್ರೈವ್ ಅಕ್ಷರ ಸೇರಿಕೊಂಡು ಬೇರೆ ಡಿಸ್ಕ್‌ನಲ್ಲಿ ಆಡುವುದಿಲ್ಲ.

ಆರ್‌ಸಿಂಕ್ ಬಳಸುವವರಿಗೆ

ಲಿನಕ್ಸ್, ಮ್ಯಾಕ್‌ನವರಿಗೆ 1996ರಿಂದ ಇರುವ ಆರ್‌ಸಿಂಕ್ ಆಜ್ಞೆ ಟೈಪ್ ಮಾಡಿ ನಡೆಸುವ ಬಹಳ ಗಟ್ಟಿ ಸಾಧನ. ಮೂರು ಮಾತು. ಡಿಲೀಟ್ ಆಯ್ಕೆ ಹಾಕಿದಾಗಲೆಲ್ಲ ಮೊದಲು ಡ್ರೈ ರನ್ (ನಿಜಕ್ಕೂ ಏನನ್ನೂ ಬದಲಾಯಿಸದ ಪರೀಕ್ಷೆ) ಮಾಡಿ ಪಟ್ಟಿ ಓದಿ. ಬ್ಯಾಕಪ್ ಮತ್ತು ಬ್ಯಾಕಪ್ ಡಿರ್ ಆಯ್ಕೆಗಳನ್ನು ಜೊತೆಗೆ ಹಾಕಿ, ವರ್ಷನಿಂಗ್‌ನ ಕೆಲಸ ಅವು ಮಾಡುತ್ತವೆ. ಮೂಲ ಫೋಲ್ಡರಿನ ಹೆಸರಿನ ಕೊನೆಯ ಓರೆಗೆರೆ ಮರೆಯಬೇಡಿ. ಗೆರೆ ಇದ್ದರೆ ಫೋಲ್ಡರಿನ ಒಳಗಿರುವುದು ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಒಳಗೆ ಹೋಗಿ ಕೂರುತ್ತದೆ. ವಿಂಡೋಸ್‌ನ ರೋಬೋಕಾಪಿಯಲ್ಲೂ ಮಿರರ್ ಆಯ್ಕೆ ಇದೆ, ಆದರೆ ಅಳಿಸಿದ್ದನ್ನು ಅದು ಎಲ್ಲೂ ಎತ್ತಿಡುವುದಿಲ್ಲ. ಹೊಸಬರಿಗೆ ನಾನು ಹೇಳುವುದಿಲ್ಲ.

ಕೊನೆಯ ಹಂತ: ಡಿಸ್ಕನ್ನು ಒಯ್ಯುವುದು

ಡಿಸ್ಕನ್ನು ಗಾಳಿಯಾಡದ ಡಬ್ಬದಲ್ಲಿ, ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ. ಮಳೆಗಾಲ ಮುಗಿದ ಮೇಲೆ ಪೊಟ್ಟಣ ಬದಲಾಯಿಸುತ್ತೇನೆ. ಯುಎಸ್‌ಬಿ ವೈರ್ ಅದೇ ಡಬ್ಬದಲ್ಲಿ ಇರುತ್ತದೆ, ಹತ್ತು ವರ್ಷದ ಮೇಲೆ ಆ ಬಗೆಯ ವೈರ್ ಸಿಗದೇ ಹೋಗಬಹುದು. ಒಂದು ಕಾಗದದಲ್ಲಿ ಕನ್ನಡದಲ್ಲೇ ಬರೆದಿಟ್ಟಿದ್ದೇನೆ: ಇದರಲ್ಲಿ ಏನಿದೆ, ಹೇಗೆ ತೆರೆಯಬೇಕು, ಏನನ್ನೂ ಅಳಿಸಬೇಡಿ. ನಾನಿಲ್ಲದ ಹೊತ್ತಿನಲ್ಲಿ ಅಕ್ಕನೋ ಅವಳ ಮಗಳೋ ತೆಗೆದರೆ ಅರ್ಥವಾಗಬೇಕು.

ಬಸ್ಸಿನಲ್ಲಿ ಡಬ್ಬ ಲಗೇಜ್ ಜಾಗಕ್ಕೆ ಹಾಕದೆ ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಶಿವಮೊಗ್ಗಕ್ಕೆ ಹೋದ ಮೇಲೆ ಅಕ್ಕನ ಲ್ಯಾಪ್‌ಟಾಪಿಗೆ ಚುಚ್ಚಿ ಮೂರು ಹಾಡು ಆಡಿಸುತ್ತೇವೆ. ಕಾಪಿ ಆಗಿದೆ ಅಂತ ನನ್ನ ಕಂಪ್ಯೂಟರ್ ಹೇಳಿದ್ದು ಬೇರೆ, ಬೇರೆ ಮನೆಯ ಬೇರೆ ಯಂತ್ರದಲ್ಲಿ ಹಾಡು ಕೇಳುವುದು ಬೇರೆ. ಎರಡು ಹಾಡು ಯಾವುದಾದರೂ ಆಗಬಹುದು, ಅಕ್ಕ ಆರಿಸುತ್ತಾಳೆ. ಮೂರನೆಯದು ಪ್ರತಿ ಸಲವೂ ಅಜ್ಜಿಯ ಸೋಬಾನೆ ಪದ. ಹನ್ನೊಂದನೇ ನಿಮಿಷದಲ್ಲಿ ಯಾರೋ ಪಾತ್ರೆ ಬೀಳಿಸುತ್ತಾರೆ, ಅಜ್ಜಿ ಹಾಡು ನಿಲ್ಲಿಸಿ ಗದರುತ್ತಾರೆ, ಮತ್ತೆ ಅದೇ ಸಾಲಿನಿಂದ ಎತ್ತಿಕೊಳ್ಳುತ್ತಾರೆ. ಅದು ಕೇಳಿಸಿದ ಮೇಲೆ ಇಜೆಕ್ಟ್ ಮಾಡಿ, ತಾರೀಕು ಬರೆದು, ಡಬ್ಬ ಮುಚ್ಚುತ್ತೇನೆ.